ಎರಡು ನಳಿಕೆಯ ಪರವಾಗಿ ಒಂದು ವಾದ

ನಮ್ಮ ಓಣಿಯಲ್ಲಿ ಸದ್ಯ ಓಡಾಡುತ್ತಿರುವ ಕಥೆ ಇದು: "ಮಿಲ್ಲಿನ ಕಲ್ಲಪ್ಪನ ಮಗಳು ಬೈನಾಕ್ಯುಲರ್ ಹಿಡಕೊಂಡು ಧಾರವಾಡದವರ ಸಂಸಾರ ಒಡದ್ಲಂತ!"

ಈ ಹೇಳಿಕೆಯನ್ನು ನಾನು ಪೂರ್ತಿಯಾಗಿ ಅಲ್ಲಗಳೆಯುವುದಿಲ್ಲ. ನಾನು ಕಲ್ಲಪ್ಪನ ಮಗಳು, ಹೌದು. ಅಪ್ಪ ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಕೆಲಸ ಮಾಡುತ್ತಾರೆ, ಅದೂ ಹೌದು. ನನ್ನ ಕೈಯಲ್ಲಿ ಬೈನಾಕ್ಯುಲರ್ ಇತ್ತು, ಧಾರವಾಡದವರು ನಮ್ಮ ಟೆರೇಸಿನ ಮೇಲಿದ್ದರು. ಆದರೆ ಸಂಸಾರ ಒಡೆದಿಲ್ಲ. ಸ್ವಲ್ಪ ಅಲುಗಾಡಿತು. ಒಡೆಯುವುದಕ್ಕೂ ಅಲುಗಾಡುವುದಕ್ಕೂ ವ್ಯತ್ಯಾಸ ತಿಳಿಯದವರು ಇನ್ನೊಬ್ಬರ ಮನೆಯ ಕಥೆ ಹೇಳಬಾರದು! ಅದಕ್ಕೇ ಈ ಸ್ಪಷ್ಟೀಕರಣ.

ಮೊದಲು ನನ್ನ ಅರ್ಹತೆಯ ಬಗ್ಗೆ. ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ಪಟು. ಹಳಿಯಾಳದಿಂದ ಮುಂಡಗೋಡದವರೆಗೆ ಸಿಕ್ಕ ವೇದಿಕೆಗಳನ್ನೆಲ್ಲ ಹತ್ತಿ, ಬೆಳಿಗ್ಗೆ ಒಂದು ವಿಷಯದ ಪರವಾಗಿ, ಮಧ್ಯಾಹ್ನ ಅದೇ ವಿಷಯದ ವಿರುದ್ಧವಾಗಿ ಮಾತಾಡಿ, ಎರಡೂ ಕಡೆ ಗೆದ್ದವಳು. ಸಾಕ್ಷ್ಯವಿಲ್ಲದೆ ಏನನ್ನೂ ನಂಬುವವಳಲ್ಲ. ವೇದಿಕೆಯಲ್ಲಾದರೆ ಸಮಯ ಮುಗಿದ ಕೂಡಲೇ ಗಂಟೆ ಬಾರಿಸುತ್ತಾರೆ. ಮನೆಯಲ್ಲಿ ಆ ಸೌಲಭ್ಯವಿಲ್ಲ. ನಮ್ಮ ಮನೆಯ ಹೆಚ್ಚಿನ ತೊಂದರೆಗಳ ಮೂಲ ಇದೇ ಎಂದು ಅಪ್ಪನ ಅಭಿಪ್ರಾಯ.

ಈಗ ವಿಷಯಕ್ಕೆ ಬರೋಣ. ನಮ್ಮ ಟೆರೇಸಿನಿಂದ ನೋಡಿದರೆ ಹಳ್ಳದಾಚೆ, ಕಾಡು ಶುರುವಾಗುವಲ್ಲಿ, ಒಂದು ಭಾರಿ ಮರವಿದೆ. ಪ್ರತಿ ಬೇಸಿಗೆಯಲ್ಲಿ ಅದರ ಪೊಟರೆಯಲ್ಲಿ ಮಂಗಟ್ಟೆ ಹಕ್ಕಿಗಳು ಸಂಸಾರ ಹೂಡುತ್ತವೆ. ಇವುಗಳ ಪದ್ಧತಿ ವಿಚಿತ್ರ. ಹೆಣ್ಣು ಪೊಟರೆಯೊಳಗೆ ಹೋಗಿ ಬಾಗಿಲನ್ನು ಒಳಗಿನಿಂದಲೇ ಮೆತ್ತಿಕೊಂಡು ಕೂತುಬಿಡುತ್ತದೆ. ಕೊಕ್ಕಿನ ತುದಿ ಹೊರಬರುವಷ್ಟು ಸೀಳು ಮಾತ್ರ ಉಳಿಸಿಕೊಳ್ಳುತ್ತದೆ. ಮರಿಯಾಗುವವರೆಗೂ ಗಂಡು ಕಾಡೆಲ್ಲ ಅಲೆದು ಹಣ್ಣು ತಂದು, ಆ ಸೀಳಿನಿಂದ ಉಣಿಸಬೇಕು. ಅವ್ವ ಇದನ್ನು 'ಬಾಣಂತಿ ಮರ' ಎಂದು ಕರೆಯುತ್ತಾಳೆ.

ಮಂಗಟ್ಟೆ ನೋಡಲು ಎಲ್ಲೆಲ್ಲಿಂದಲೋ ಜನ ಬರುವುದನ್ನು ವರ್ಷಗಟ್ಟಲೆ ನೋಡಿದ ಅವ್ವನಿಗೆ ಈ ವರ್ಷ ಒಂದು ವಿಚಾರ ಬಂತು. ಟೆರೇಸಿನ ಮೇಲಿನ ಕೋಣೆಯಲ್ಲಿದ್ದ ಕೆಟ್ಟ ಕೂಲರು, ಹರಿದ ಗಾದಿ, ಅಪ್ಪನ ಹಳೆಯ ಬೂಟುಗಳನ್ನೆಲ್ಲ ಹೊರಹಾಕಿ, ಸುಣ್ಣ ಬಣ್ಣ ಮಾಡಿಸಿ, ಹೋಂ ಸ್ಟೇ ಎಂದು ಘೋಷಿಸಿದಳು. ಅಪ್ಪ ನಕ್ಕರು. ನಗು ತಪ್ಪಾಯಿತು. ಅವ್ವ ಹಟ ಹಿಡಿದಳು.

ಮೊದಲ ಅತಿಥಿಗಳು ಧಾರವಾಡದ ಅಂಗಡಿ ದಂಪತಿಗಳು. ಅಂಗಡಿ ಸರ್ ನಿವೃತ್ತ ಬ್ಯಾಂಕ್ ಮ್ಯಾನೇಜರು. ಅವರ ಪತ್ನಿ ಪ್ರಭಾವತಿ ಆಂಟಿ ಅಲ್ಲಿನ ಒಂದು ಮಹಿಳಾ ಮಂಡಳದ ಅಧ್ಯಕ್ಷೆ. ಮಂಡಳದ ಬೇಸಿಗೆ ಪ್ರವಾಸ ಎಲ್ಲಿಗೆ ಎಂಬುದು ಅವರ ಒಂದು ಮಾತಿನ ಮೇಲಿತ್ತು. ತಮ್ಮ ಮದುವೆಯ ವಾರ್ಷಿಕೋತ್ಸವವನ್ನು ಜಗತ್ತಿನ ಅತ್ಯಂತ ನಿಷ್ಠಾವಂತ ಗಂಡನ ಎದುರಿಗೆ ಆಚರಿಸಬೇಕೆಂದು ಅವರ ಆಸೆ. ಅಂಗಡಿ ಸರ್ ಅಂತ ತಪ್ಪು ತಿಳಿಯಬೇಡಿ. ಮಂಗಟ್ಟೆ.

"ಇವರು ಖುಷಿಯಾಗಿ ಹೋದ್ರಂದ್ರ ಇಡೀ ಮಂಡಳಾನ ಬರ್ತೈತಿ," ಎಂದಳು ಅವ್ವ. "ಇಲ್ಲಂದ್ರ ನಿಮ್ಮಪ್ಪ ಸಾಯೂತನಕಾ ನಗತಾನ. ಸುಮಾ, ನಿನಗ ಒಂದ ಕೆಲಸ. ಹಕ್ಕಿ ತೋರಸು. ಬಾಯಿ ಮಾಡಬ್ಯಾಡ."

ಮೊದಲ ಅರ್ಧವನ್ನು ನಾನು ಗಂಭೀರವಾಗಿ ತೆಗೆದುಕೊಂಡೆ.

ಆದರೆ ಹಕ್ಕಿಯನ್ನು ತೋರಿಸುವುದು ಯಾವುದರಿಂದ? ಬರಿಗಣ್ಣಿಗೆ ಅಲ್ಲಿ ಕಾಣುವುದು ಮರ, ಮರದ ಮೇಲೊಂದು ಕರಿ ಚುಕ್ಕೆ. ಹಳಿಯಾಳದಿಂದ ಬಂದಿಳಿದ ಬಸವಂತ ಮಾಮಾ, ಅಂದರೆ ಅವ್ವನ ತಮ್ಮ, ಚೀಲದಿಂದ ತನ್ನ ದುರ್ಬೀನನ್ನು ಹೊರತೆಗೆದ. ಗೋವಾದಲ್ಲಿ ಕೊಂಡದ್ದು. ಒಂದೇ ನಳಿಕೆ. ಎಳೆದರೆ ಉದ್ದವಾಗುತ್ತದೆ, ಒತ್ತಿದರೆ ಗಿಡ್ಡವಾಗುತ್ತದೆ. ಮಾಮಾ ಅದನ್ನು ಎಳೆಯುವಾಗ ಕತ್ತಿ ಹಿರಿಯುವವನ ಮುಖ ಮಾಡುತ್ತಾನೆ.

"ಹಡಗಿನ ಕಪ್ತಾನ ಯಾವುದು ಹಿಡೀತಾನ ಹೇಳು? ಇದನ್ನ!"

"ಮಾಮಾ, ನಮ್ಮ ಹಳ್ಳದಾಗ ಹಡಗು ಬರೂದಿಲ್ಲ. ಮ್ಯಾಲ, ಮನುಷ್ಯಾಗ ಎರಡು ಕಣ್ಣು ಅದಾವು. ಒಂದ ನಳಿಕಿ ಹಿಡಕೊಂಡ್ರ ಇನ್ನೊಂದು ಕಣ್ಣು ಏನ್ ಮಾಡಬೇಕು?"

"ಮುಚ್ಚಬೇಕು."

"ಅದ ತ್ರಾಸ!"

ತ್ರಾಸಿನ ಪುರಾವೆ ಕೂಡಲೇ ಸಿಕ್ಕಿತು. ಮಾಮಾ ಎಡಗಣ್ಣು ಮುಚ್ಚಿ ದುರ್ಬೀನನ್ನು ಮರದತ್ತ ತಿರುಗಿಸಿದ. ಮರಕ್ಕೂ ಮಾಮಾನಿಗೂ ನಡುವೆ ಪಕ್ಕದ ಮನೆಯ ಟೆರೇಸಿನಲ್ಲಿ ಗಂಗಕ್ಕ ಹಪ್ಪಳ ಒಣಹಾಕುತ್ತಿದ್ದಳು. ಆಕೆಗೆ ಕಂಡದ್ದು, ಕಣ್ಣು ಹೊಡೆಯುತ್ತಿರುವ, ಅದೂ ಬಹಳ ಹೊತ್ತಿನಿಂದ ಹೊಡೆಯುತ್ತಲೇ ಇರುವ ಒಬ್ಬ ಗಂಡಸು.

"ಶಾಂತಕ್ಕಾ," ಎಂದು ಗಂಗಕ್ಕ ನಮ್ಮ ಅವ್ವನನ್ನು ಕೂಗಿದಳು, "ನಿನ್ನ ತಮ್ಮಗ ಕಣ್ಣಿಂದು ಏನರ ಬ್ಯಾನಿ ಐತೇನು? ಇಲ್ಲಾ ಬ್ಯಾರೆ ಏನರ ಬ್ಯಾನಿ ಐತೋ?"

ಮಾಮಾ ದುರ್ಬೀನನ್ನು ಗಿಡ್ಡ ಮಾಡಿದ. ನನ್ನ ವಾದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಎರಡು ನಳಿಕೆಯಿದ್ದರೆ ಎರಡೂ ಕಣ್ಣು ತೆರೆದಿರುತ್ತವೆ, ಮಾನ ಉಳಿಯುತ್ತದೆ. ಒಂದೇ ನಳಿಕೆಯಲ್ಲಿ ಚೂರು ಜಾಗ ಕಾಣುತ್ತದೆ, ಎರಡರಲ್ಲಿ ಹರವಾಗಿ ಕಾಣುತ್ತದೆ. ಒಂದು ಕಣ್ಣಿಗೆ ಎಲ್ಲವೂ ಗೋಡೆಗೆ ಅಂಟಿಸಿದ ಚಿತ್ರ, ಎರಡು ಕಣ್ಣಿಗೆ ಯಾವುದು ಹಿಂದೆ ಯಾವುದು ಮುಂದೆ ಎಂದು ತಿಳಿಯುತ್ತದೆ. ಈ ಮೂರೂ ಮಾತು ಇವತ್ತಿಗೂ ನಿಜ. ನಾನು ಒಂದಕ್ಷರವನ್ನೂ ಹಿಂತೆಗೆದುಕೊಳ್ಳುವುದಿಲ್ಲ.

ಆ ಮಧ್ಯಾಹ್ನವೇ ಹಳಿಯಾಳಕ್ಕೆ ಹೋಗಿ ಗೆಳತಿಯ ಬಳಿ ಇದ್ದ ಬೈನಾಕ್ಯುಲರ್ ಕೇಳಿ ತಂದೆ. ಬರುವಾಗ ಬಸ್ಸಿನಲ್ಲಿ ಅದನ್ನು ಮೇಲಿನ ಕ್ಯಾರಿಯರಿನಲ್ಲಿಟ್ಟೆ. ರಸ್ತೆಯಲ್ಲಿ ಒಂದು ಹಂಪ್ ಇತ್ತು. ಡ್ರೈವರ್ ಅದನ್ನು ನೋಡಲಿಲ್ಲ. ಬೈನಾಕ್ಯುಲರ್ ನೋಡಿತು. ಜಿಗಿಯಿತು.

"ಏನೋ ಬಿತ್ತು ನೋಡವಾ ತಂಗಿ," ಎಂದರು ಮುಂದಿನ ಸೀಟಿನ ಅಜ್ಜ.

"ಏನೂ ಆಗಿಲ್ರಿ," ಎಂದೆ, ನೋಡುವ ಮೊದಲೇ.

ಆದರೆ ನಾನು ಸಂಶಯವಾದಿ. ಬಸ್ಸಿಳಿದ ಮೇಲೆ ಪರೀಕ್ಷೆ ಮಾಡಿಯೇ ಬಿಟ್ಟೆ. ಬಲಗಣ್ಣು ಮುಚ್ಚಿ ಎಡ ನಳಿಕೆಯಲ್ಲಿ ನೋಡಿದೆ: ದಾಂಡೇಲಿ ಸ್ಪಷ್ಟವಾಗಿತ್ತು. ಎಡಗಣ್ಣು ಮುಚ್ಚಿ ಬಲ ನಳಿಕೆಯಲ್ಲಿ ನೋಡಿದೆ: ಅದೇ ದಾಂಡೇಲಿ, ಅಷ್ಟೇ ಸ್ಪಷ್ಟ. ಬೇರೆಬೇರೆಯಾಗಿ ಎರಡೂ ನಿರ್ದೋಷಿ. ಆದ್ದರಿಂದ ಒಟ್ಟಾಗಿಯೂ ನಿರ್ದೋಷಿ. ತರ್ಕ ಅಂದರೆ ಇದು! ಜಗಳ ಕಾಯುವ ಗಂಡ ಹೆಂಡತಿಯೂ ಬೇರೆಬೇರೆಯಾಗಿ ಬಹಳ ಒಳ್ಳೆಯವರೇ ಆಗಿರುತ್ತಾರೆ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿ ದಂಪತಿಗಳು ಬಂದರು. ಅಪ್ಪ ಫಸ್ಟ್ ಶಿಫ್ಟಿಗೆ ಹೋಗಿದ್ದರು. ಒಗ್ಗರಣೆ ಅವಲಕ್ಕಿ, ಮಿರ್ಚಿ, ಚಹಾ ಎಲ್ಲ ಟೆರೇಸಿಗೆ ಏರಿದವು. ಹಪ್ಪಳ ಕಾಯುವ ನೆಪದಲ್ಲಿ ಗಂಗಕ್ಕ ತನ್ನ ಟೆರೇಸಿನ ಗೋಡೆಗೆ ಒರಗಿ ನಿಂತಳು. ಪ್ರಭಾವತಿ ಆಂಟಿ ರೇಷ್ಮೆ ಸೀರೆಯುಟ್ಟಿದ್ದರು. ಅಂಗಡಿ ಸರ್ ಮಿರ್ಚಿಯ ಕಡೆಗೆ ಗಮನ ಕೊಟ್ಟಿದ್ದರು.

"ನೋಡ್ರೀ," ಎಂದು ಆಂಟಿ ಗಂಡನಿಗೆ ಹೇಳಿದರು, "ಹೆಂಡತಿ ಒಳಗ ಕುಂತಾಳ. ಅಂವ ಹೊರಗ ದುಡಿದು ತಂದು ಬಾಯಾಗ ಹಾಕ್ತಾನ. ಕಲೀರಿ ಸ್ವಲ್ಪ."

"ನಾ ಏನು ಉಪವಾಸ ಕೆಡವೇನೇನು ನಿನ್ನ?" ಎಂದು ಸರ್ ಇನ್ನೊಂದು ಮಿರ್ಚಿ ತೆಗೆದುಕೊಂಡರು.

ಅಷ್ಟರಲ್ಲಿ ರೆಕ್ಕೆಯ ಭರ್ ಭರ್ ಸದ್ದಾಯಿತು. ಮಂಗಟ್ಟೆ ಬಂತು. ನಾನು ಬೈನಾಕ್ಯುಲರನ್ನು ಕಣ್ಣಿಗೇರಿಸಿದೆ, ಎರಡೂ ಕಣ್ಣು ತೆರೆದು, ಮಾನವಂತಳಾಗಿ. ಕೊಂಬೆಗಳು, ಎಲೆಗಳು, ಮತ್ತಷ್ಟು ಕೊಂಬೆಗಳು, ಮತ್ತಷ್ಟು ಎಲೆಗಳು. ಅವುಗಳ ನಡುವೆ ಹಳದಿ ಕೊಕ್ಕಿನ ಮಂಗಟ್ಟೆ. ಅದರ ಕೆಳಗಿನ ಕೊಂಬೆಯ ಮೇಲೆ ಇನ್ನೊಂದು ಮಂಗಟ್ಟೆ!

"ಎರಡು ಅದಾವು!" ಎಂದು ಘೋಷಿಸಿದೆ.

ಮಾಮಾ ದುರ್ಬೀನು ಎಳೆದ. "ಒಂದ ಐತಿ."

"ಎರಡು."

"ಒಂದಲೇ ಹುಚ್ಚಿ! ನನ್ನ ಕಣ್ಣು ಕುರುಡೇನು?"

ಇಲ್ಲಿ ಯಾರಾದರೂ ಗಂಟೆ ಬಾರಿಸಬೇಕಿತ್ತು. "ಮಾಮಾ, ನೀ ಹೇಳೂದು ಸುಳ್ಳಲ್ಲ," ಎಂದು ವೇದಿಕೆಯ ಧ್ವನಿಯಲ್ಲಿ ಶುರುಮಾಡಿದೆ. "ನಿನಗ ಒಂದ ಕಾಣತೈತಿ. ಯಾಕ? ನಿನ್ನ ನಳಿಕಿಯಾಗ ಒಂದ ಹಿಡಸತೈತಿ! ಎರಡನೇದು ಅದರ ಹೊರಗ ಕುಂತೈತಿ. ನಿನಗ ಕಾಣಲಿಲ್ಲ ಅಂದ್ರ ಅದು ಇಲ್ಲಂತೇನು? ಗೋವಾ ಇಲ್ಲಿಂದ ಕಾಣಸತೈತೇನು? ಹಂಗಂದ್ರ ಗೋವಾ ಇಲ್ಲೇನು? ಹಂಗಾದ್ರ ಈ ದುರ್ಬೀನು ನೀ ಎಲ್ಲಿ ಕೊಂಡಿ?"

ಮಾಮಾ ಬೆವರಿದ. ಮತ್ತೆ ನೋಡಿದ. ದುರ್ಬೀನನ್ನು ಅತ್ತಿತ್ತ ಸರಿಸಿದ. ಪಾಪ, ಆ ಟೆರೇಸಿನ ಮೇಲೆ ಸತ್ಯವನ್ನು ಕಂಡಿದ್ದ ಒಬ್ಬನೇ ಮನುಷ್ಯ ಅವನು. ನನ್ನ ವಾದದ ಎದುರು ಎಷ್ಟು ಹೊತ್ತು ತಡೆದಾನು?

"ಹೌದ ಹೌದು," ಎಂದ ಕೊನೆಗೆ. "ಕೆಳಗೊಂದು ಇದ್ದಂಗ ಐತಿ. ಎರಡ ಅದಾವು ತಗೋ."

ನಾನು ಗೆದ್ದೆ. ಬೈನಾಕ್ಯುಲರನ್ನು ಪ್ರಭಾವತಿ ಆಂಟಿಯ ಕೈಗಿತ್ತೆ. ಅವರೂ ನೋಡಿದರು. ಅವರಿಗೂ ಎರಡು!

"ಅಯ್ಯ ಎಷ್ಟು ಹೊಂದಾಣಿಕಿ ಅಂತೀನಿ!" ಎಂದು ಆಂಟಿ ಮೈಮರೆತರು. "ಒಂದು ಆ ಕಡೆ ನೋಡಿದ್ರ ಇನ್ನೊಂದೂ ಆ ಕಡೆನ ನೋಡತೈತಿ. ಒಂದು ಮೈ ಕೆರಕೊಂಡ್ರ ಇನ್ನೊಂದೂ ಕೆರಕೋತೈತಿ. ಅದೂ ಒಂದ ಸಲಕ್ಕ!"

"ಭಾಳ ದಿನದ ಪರಿಚಯ ಇರಬೇಕು," ಎಂದಳು ಗಂಗಕ್ಕ ಆಚೆಯಿಂದ.

ಆಗ ಅವ್ವ ಚಹಾದ ಕೆಟಲನ್ನು ಕೆಳಗಿಟ್ಟಳು. "ತಡಿರಿ. ಹೆಂಡತಿ ಪೊಟರ್ಯಾಗ ಕುಂತೈತಿ, ಬಾಗಲಾ ಮೆತಗೊಂಡು. ಹಂಗಾರ ಗಂಡಿನ ಬಾಜೂಕ ಕುಂತಾಕಿ ಯಾರು?"

ಅಂಗಡಿ ಸರ್ ಮಿರ್ಚಿ ಅಗಿಯುವುದನ್ನು ನಿಲ್ಲಿಸಿದರು.

"ಅಯ್ಯ ಶಿವನೇ!" ಎಂದಳು ಗಂಗಕ್ಕ. ಆಕೆಗೆ ನ್ಯಾಯ ಮಾಡುವುದು ಹಪ್ಪಳ ಮಾಡುವುದಕ್ಕಿಂತ ಇಷ್ಟ. "ಆಕಿ ಬಾಣಂತಿ ಒಳಗ ಕತ್ತಲ್ಯಾಗ ಕುಂತಾಳ. ಇಂವ ಹೊರಗ ಇನ್ನೊಬ್ಬಾಕಿ ಜೋಡಿ ಗಾಳಿ ತಗೊಳ್ಳಾಕ ಹತ್ಯಾನ!"

"ಅದೂ ಆಕಿ ಬಾಗಲದ ಮುಂದ!" ಎಂದಳು ಅವ್ವ.

"ನಾಚಿಕಿ ಆಗಬೇಕು!" ಎಂದರು ಆಂಟಿ, ಕಣ್ಣಿನಿಂದ ಬೈನಾಕ್ಯುಲರ್ ತೆಗೆಯದೆ. "ಇದನ್ನ ನೋಡಾಕ ನಾ ಧಾರವಾಡದಿಂದ ಬರಬೇಕಿತ್ತೇನು? ವಾರ್ಷಿಕೋತ್ಸವದ ದಿನ? ನಮ್ಮ ಮಂಡಳದ ಹೆಣ್ಣುಮಕ್ಕಳಿಗೆ ನಾ ಇದನ್ನ ತೋರಸಲೇನು?"

ಅವ್ವನ ಮುಖ ಬಿಳಿಚಿತು. ಮಂಡಳ ಕೈಬಿಟ್ಟು ಹೋಗುತ್ತಿದೆ ಎಂದು ಆಗ ಆಕೆಗೆ ಹೊಳೆಯಿತು. ಕೂಡಲೇ ಪಕ್ಷ ಬದಲಿಸಿದಳು. "ಅಲ್ಲರೀ ಅಕ್ಕಾರ, ಅದು ಅದರ ತಂಗಿ ಇರಬೇಕು. ಬಾಣಂತನಾ ಮಾಡಾಕ ಬಂದಿರಬೇಕು."

ಒಳ್ಳೆಯ ವಾದ. ನಾನು ಸುಮ್ಮನಿದ್ದಿದ್ದರೆ ಗೆಲ್ಲುತ್ತಿತ್ತು. ಆದರೆ ಆಧಾರವಿಲ್ಲದ ಮಾತನ್ನು ಕೇಳಿ ಸುಮ್ಮನಿರುವುದು ನನ್ನ ತರಬೇತಿಯಲ್ಲಿಲ್ಲ. "ಅವ್ವಾ, ಬಾಣಂತನಕ್ಕ ಬಂದಾಕಿ ಬಾಣಂತಿ ಕಡೆ ನೋಡಬೇಕು. ಇದು ಗಂಡು ನೋಡಿದ ಕಡೆನ ನೋಡಾಕ ಹತ್ತೈತಿ!"

ಅವ್ವ ನನ್ನನ್ನು ನೋಡಿದ ನೋಟಕ್ಕೆ ಯಾವ ನಳಿಕೆಯೂ ಬೇಕಿರಲಿಲ್ಲ.

ಪರಿಸ್ಥಿತಿ ಹೀಗೆ ಬಿಗಡಾಯಿಸಿದಾಗ ಅಂಗಡಿ ಸರ್ ಮಧ್ಯೆ ಬಂದರು. ಬ್ಯಾಂಕಿನ ಕೌಂಟರಿನಲ್ಲಿ ಎಷ್ಟೋ ಗದ್ದಲ ಶಾಂತ ಮಾಡಿದವರಂತೆ ಕೈಯೆತ್ತಿದರು. "ಎಲ್ಲಾರೂ ಸ್ವಲ್ಪ ಆ ಗಂಡಿನ ಕಡಿಂದನೂ ವಿಚಾರ ಮಾಡ್ರಿ," ಎಂದರು. "ಪಾಪ, ಅದಕ್ಕೂ ಹೊಟ್ಟಿ ಐತಿ. ಹೆಂಡತಿ ಬಾಣಂತನಕ್ಕ ಹ್ವಾದ್ಲು. ಮನ್ಯಾಗ ಒಲಿ ಹಚ್ಚಾವರಿಲ್ಲ. ಬಾಜೂ ಮನಿಯಾಕಿ ಯಾರೋ ಅದರ ಪಾಡು ನೋಡಲಾರದ ಒಂದು ಡಬ್ಬಿ ಬದನೀಕಾಯಿ ಎಣಗಾಯಿ ತಂದು ಕೊಟ್ರ, ಬ್ಯಾಡ ಅನ್ನಾಕ ಬರ್ತೈತೇನ್ರೀ? ಅದಕ್ಕ ಇಷ್ಟು ದೊಡ್ಡದು ಮಾಡೂದೇನೈತಿ?"

ಗಂಗಕ್ಕ ಗೋಡೆಯ ಮೇಲಿಂದ ಇನ್ನಷ್ಟು ಈ ಕಡೆಗೆ ಬಾಗಿದಳು.

ಮಂಗಟ್ಟೆ ಹಣ್ಣು ತಿನ್ನುವ ಹಕ್ಕಿ. ಅಲ್ಲೊಂದು ಇಲ್ಲೊಂದು ಹಲ್ಲಿ, ಓತಿ ತಿನ್ನುತ್ತದೆ. ಎಣ್ಣೆಗಾಯಿ ತಿಂದದ್ದನ್ನು ಈವರೆಗೆ ಯಾರೂ ನೋಡಿಲ್ಲ. ಅದೂ ಡಬ್ಬಿಯಲ್ಲಿ!

ಪ್ರಭಾವತಿ ಆಂಟಿ ನಿಧಾನವಾಗಿ ಗಂಡನ ಕಡೆಗೆ ತಿರುಗಿದರು. ಸಿಟ್ಟಿನ ಭರದಲ್ಲಿ ಬೈನಾಕ್ಯುಲರನ್ನು ಕಣ್ಣಿನಿಂದ ತೆಗೆಯುವುದನ್ನು ಮರೆತಿದ್ದರು. ಟೆರೇಸಿನ ಆ ತುದಿಯಲ್ಲಿ ಚಹಾದ ಕಪ್ ಹಿಡಿದು ನಿಂತ ಅಂಗಡಿ ಸರ್, ಈ ತುದಿಯಿಂದ ಅವರ ಮೇಲೆ ಗುರಿಯಿಟ್ಟ ಆಂಟಿ.

"ರೀ..." ಎಂದು ಶುರುಮಾಡಿದವರು ಅಲ್ಲೇ ನಿಂತರು. "ರೀ, ನೀವೂ ಎರಡು ಕಾಣಾಕ ಹತ್ತೀರಲ್ಲರೀ?"

"ಆಂ?"

"ಒಬ್ಬರು ಕೆಳಗ ನಿಂತೀರಿ. ಇನ್ನೊಬ್ಬರು ಅವರ ಹೆಗಲ ಮ್ಯಾಲ ಹತ್ತಿ ನಿಂತೀರಿ. ಇಬ್ಬರೂ ಚಾ ಕುಡ್ಯಾಕ ಹತ್ತೀರಿ! ಅಯ್ಯ, ಬ್ಯಾಡ್ರಿ ಬ್ಯಾಡ್ರಿ! ಒಬ್ಬರನ್ನ ಸಂಭಾಳಿಸೂದ್ರಾಗ ನನಗ ಸಾಕಾಗೇತಿ!"

ಮಾಮಾ ಬೈನಾಕ್ಯುಲರನ್ನು ಕಿತ್ತುಕೊಂಡು ಗಂಗಕ್ಕನನ್ನು ನೋಡಿದ. ಇಬ್ಬರು ಗಂಗಕ್ಕ. ಅವ್ವನನ್ನು ನೋಡಿದ. ಇಬ್ಬರು ಅಕ್ಕಂದಿರು, ಇಬ್ಬರಿಗೂ ಸಿಟ್ಟು. ಕೊನೆಗೆ ನನ್ನನ್ನು ನೋಡಿ, "ಯಪ್ಪಾ, ಇಂಥಾವು ಎರಡು ಬ್ಯಾಡಾ!" ಎಂದು ಕೆಳಗಿಳಿಸಿದ. ಬಸ್ಸಿನೊಳಗೆ ಬಿದ್ದಾಗ ಎರಡು ನಳಿಕೆಗಳ ನೋಟ ಒಂದಕ್ಕೊಂದು ತಪ್ಪಿಹೋಗಿತ್ತು. ಒಂದು ಮೇಲೆ ನೋಡುತ್ತಿತ್ತು, ಇನ್ನೊಂದು ಕೆಳಗೆ. ಎಲೆಗಳ ರಾಶಿಯಲ್ಲಿ ಎಲೆ ಇಮ್ಮಡಿಯಾದದ್ದು ಯಾರಿಗೆ ತಿಳಿಯಬೇಕು? ಹಕ್ಕಿ ಇಮ್ಮಡಿಯಾದದ್ದು ಮಾತ್ರ ಎದ್ದು ಕಂಡಿತ್ತು.

"ನಾ ಮೊದಲ ಹೇಳಿದ್ನಿ, ಒಂದ ಅಂತ!" ಎಂದು ಮಾಮಾ ಎದೆಯುಬ್ಬಿಸಿದ.

"ಆಮ್ಯಾಲ ನೀನ ಎರಡು ಅಂದಿ."

"ನೀ ಅನಿಸಿದಿ!"

ಮೊದಲು ನಕ್ಕವರು ಪ್ರಭಾವತಿ ಆಂಟಿ. ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಗಂಗಕ್ಕ ನಕ್ಕಳು, ಅವ್ವ ಬದುಕಿದೆ ಎಂಬಂತೆ ನಕ್ಕಳು. ಅಂಗಡಿ ಸರ್ ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕರು.

ಮಾಮಾನ ದುರ್ಬೀನಿನಲ್ಲಿ ಆಂಟಿ ನಿಜವಾದ ದೃಶ್ಯ ನೋಡಿದರು. ಒಂಟಿ ಗಂಡು ಪೊಟರೆಯ ಬಳಿ ಬಂದು, ಗಂಟಲಿನಿಂದ ಒಂದೊಂದೇ ಹಣ್ಣು ತೆಗೆದು ಸೀಳಿನೊಳಗೆ ಇಡುತ್ತಿತ್ತು. ಒಳಗಿನಿಂದ ಕೊಕ್ಕಿನ ತುದಿ ಬಂದು ಪ್ರತಿಯೊಂದನ್ನೂ ಮೆಲ್ಲಗೆ ತೆಗೆದುಕೊಳ್ಳುತ್ತಿತ್ತು. ಆಂಟಿ ಒಂದು ಕಣ್ಣು ಮುಚ್ಚಿಕೊಂಡೇ ಬಿಡುವಾಗಿದ್ದ ಕೈಯಿಂದ ಗಂಡನ ಕೈ ಹಿಡಿದುಕೊಂಡರು. ಒಂದೇ ನಳಿಕೆಗೆ ಇಂಥದೊಂದು ಅನುಕೂಲವಿದೆ, ಒಂದು ಕೈ ಬಿಡುವಾಗಿರುತ್ತದೆ ಎಂಬ ಅಂಶ ನನ್ನ ವಾದದಲ್ಲಿ ಬಿಟ್ಟುಹೋಗಿತ್ತು.

ಊಟವಾಗಿ, ವಿಶ್ರಾಂತಿಯಾಗಿ, ಸಂಜೆ ಹೊರಡುವಾಗ ಆಂಟಿ ಅವ್ವನ ಎರಡೂ ಕೈ ಹಿಡಿದು ಹೇಳಿದರು: "ಮಂಡಳದವರನ್ನೆಲ್ಲಾ ಕರಕೊಂಡು ಇಲ್ಲೇ ಬರ್ತೇವಿ ನೋಡ್ರಿ. ಶುಕ್ರವಾರ ಫೋನ್ ಮಾಡಿ ಪಕ್ಕಾ ಮಾಡ್ತೇನಿ. ಮಗಳು ಚುರುಕು ಅದಾಳ!"

ಅವ್ವ ಗೆದ್ದಳು. ಮಾಮಾ ಗೆದ್ದ. ಹಕ್ಕಿ ಗೌರವಯುತವಾಗಿ ಬಿಡುಗಡೆಯಾಯಿತು. ಆಂಟಿ ಕಾರಿನೊಳಗೆ ಕೂತರು, ಸರ್ ಸ್ಟೇರಿಂಗ್ ಹಿಡಿದರು. ನಾನು ಕೈಬೀಸಿ ಒಳಗೆ ಹೋಗಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

ಆದರೆ ನನ್ನ ತಲೆಯಲ್ಲಿ ಒಂದು ಅಂಶ ಕೊರೆಯುತ್ತಿತ್ತು. ಆರೋಪ ಬಿದ್ದುಹೋಯಿತು, ಸರಿ. ಆದರೆ ಸ್ವಂತ ಬಾಯಿಂದ, ಯಾರ ಒತ್ತಾಯವೂ ಇಲ್ಲದೆ ಕೊಟ್ಟ ಹೇಳಿಕೆ ಆರೋಪದ ಜೊತೆಗೇ ಬಿದ್ದುಹೋಗುತ್ತದೆಯೇ? ಯಾವ ತೀರ್ಪುಗಾರರೂ ಇದನ್ನು ಒಪ್ಪಲಾರರು. ನಾನು ಕಾರಿನ ಕಿಟಕಿಗೆ ಬಾಗಿದೆ. ಕೇವಲ ತಾರ್ಕಿಕ ಕುತೂಹಲದಿಂದ, ಅತ್ಯಂತ ವಿನಯದಿಂದ, ಒಂದೇ ಒಂದು ಪ್ರಶ್ನೆ ಕೇಳಿದೆ.

ಕೀಲಿ ತಿರುಗಿಸುತ್ತಿದ್ದ ಕೈ ಅಲ್ಲೇ ನಿಂತಿತು. ಆಂಟಿ ಸೀಟ್ ಬೆಲ್ಟ್ ಬಿಚ್ಚಿ ಇಡೀ ಮೈ ಗಂಡನ ಕಡೆಗೆ ತಿರುಗಿಸಿ ಕೂತರು. ಅವ್ವ ನನ್ನ ರಟ್ಟೆಯನ್ನು ಹಿಂಡಿದ ಜಾಗ ಇನ್ನೂ ನೀಲಿಯಾಗಿಯೇ ಇದೆ. ಕಾರು ಹೊರಟದ್ದು ಬಹಳ ಹೊತ್ತಿನ ಮೇಲೆ. ಕಿಟಕಿಯ ಗಾಜು ಮಾತ್ರ ಕೂಡಲೇ ಏರಿತು.

ಶುಕ್ರವಾರ ಬಂತು, ಹೋಯಿತು. ಫೋನ್ ಬರಲಿಲ್ಲ. ಅಪ್ಪ ನಗುತ್ತಿದ್ದಾರೆ. ಅವ್ವ ನನ್ನ ಜೊತೆ ಮಾತು ಬಿಟ್ಟು, ಬೇಕಾದದ್ದನ್ನು ಗಂಗಕ್ಕನ ಮೂಲಕ ಹೇಳಿಕಳಿಸುತ್ತಾಳೆ. ಬೈನಾಕ್ಯುಲರ್ ರಿಪೇರಿಯಾಗಿ ಬಂದಿದೆ, ಈಗ ಅದರಲ್ಲಿ ಎಲ್ಲರೂ ಒಬ್ಬೊಬ್ಬರೇ ಕಾಣುತ್ತಾರೆ. ನನ್ನ ಬಾಯಿಯನ್ನು ರಿಪೇರಿಗೆ ಎಲ್ಲಿ ಕೊಡಬೇಕೋ ತಿಳಿಯದು, ಏಕೆಂದರೆ ಇಷ್ಟಾದ ಮೇಲೂ ಅದೇ ಪ್ರಶ್ನೆ ನಾಲಿಗೆಯ ತುದಿಯಲ್ಲಿ ಕೂತಿದೆ. ಕಿಟಕಿಯ ಗಾಜು ಏರಿದ್ದರಿಂದ ಉತ್ತರ ನನಗೆ ಕೇಳಿಸಲಿಲ್ಲ. ಆದ್ದರಿಂದ ಮತ್ತೊಮ್ಮೆ, ವಿನಯದಿಂದಲೇ:

"ಅಂಗಡಿ ಸರ್, ಆ ಎಣಗಾಯಿ ತಂದು ಕೊಟ್ಟಾಕಿ ಯಾರ್ರೀ?"